ಸಸ್ಯ ರಾಸಾಯನಿಕಗಳು ಮತ್ತು ಕೀಟರೋಗಕಾರಕ ಶಿಲೀಂಧ್ರಗಳು

ಬೆಳೆಗಳನ್ನು ಹಾನಿಗೊಳಿಸುವ ಕೀಟಗಳಿಗೆ ರೋಗ ತಂದು ಕೊಲ್ಲುವ ಶಿಲೀಂಧ್ರಗಳನ್ನು ಕೀಟರೋಗಕಾರಕ ಶಿಲೀಂಧ್ರಗಳು ಎಂದು ಕರೆಯಲಾಗುತ್ತದೆ. ಜೈವಿಕ ಕೀಟ ನಿಯಂತ್ರಣದಲ್ಲಿ ಬಳಕೆಯಾಗುವ ಈ ಶಿಲೀಂಧ್ರಗಳ ಮೇಲೆ ಸಸ್ಯಗಳ ರಾಸಾಯನಿಕಗಳು ಎರಡು ದಾರಿಗಳಿಂದ ಪರಿಣಾಮ ಬೀರುತ್ತವೆ. ಕೀಟ ತಿನ್ನುವ ಬೆಳೆಯಲ್ಲಿಯೇ ಸಹಜವಾಗಿ ಇರುವ ರಕ್ಷಣಾ ರಾಸಾಯನಿಕಗಳು ಮೊದಲನೆಯ ದಾರಿ. ರೈತರು ಬೇವು, ಬೆಳ್ಳುಳ್ಳಿ ಮುಂತಾದವುಗಳಿಂದ ತಯಾರಿಸಿ ಸಿಂಪಡಿಸುವ ಎಣ್ಣೆ ಮತ್ತು ಕಷಾಯಗಳು ಎರಡನೆಯ ದಾರಿ. ಇವು ಶಿಲೀಂಧ್ರದ ಬೀಜಕಗಳು ಮೊಳೆಯುವುದನ್ನು ತಡೆಯಬಹುದು, ಬೆಳವಣಿಗೆಯನ್ನು ನಿಧಾನಗೊಳಿಸಬಹುದು, ಕೆಲವು ಸಂದರ್ಭಗಳಲ್ಲಿ ಶಿಲೀಂಧ್ರದ ಕೆಲಸವನ್ನು ಸುಲಭವೂ ಮಾಡಬಹುದು. ಒಂದೇ ಶಿಲೀಂಧ್ರವು ಒಂದು ಬೆಳೆಯಲ್ಲಿ ಉತ್ತಮ ಫಲ ನೀಡಿ ಇನ್ನೊಂದು ಬೆಳೆಯಲ್ಲಿ ವಿಫಲವಾಗುವುದಕ್ಕೆ ತೇವಾಂಶ ಮತ್ತು ಬಿಸಿಲಿನ ಜೊತೆಗೆ ಇದೂ ಒಂದು ಕಾರಣವಾಗಿದೆ.

ಹಿನ್ನೆಲೆ

ಶಿಲೀಂಧ್ರವೊಂದು ಕೀಟಕ್ಕೆ ರೋಗ ತರಬಲ್ಲದು ಎಂಬುದನ್ನು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ರೇಷ್ಮೆಹುಳುವಿನ ರೋಗದ ಅಧ್ಯಯನದಿಂದ ತೋರಿಸಿಕೊಟ್ಟರು. ಕರ್ನಾಟಕದ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗ ಎಂದು ಕರೆಯುವುದು ಇದನ್ನೇ. ಅದರ ಕಾರಣವಾದ ಶಿಲೀಂಧ್ರಕ್ಕೆ ಬಾಸ್ಸಿಯ ಹೆಸರಿನಿಂದಲೇ ಬ್ಯೂವೇರಿಯಾ ಬಾಸಿಯಾನ ಎಂಬ ಹೆಸರು ಬಂದಿದೆ. ಇಂದು ಕೀಟನಾಶಕವಾಗಿ ಮಾರಾಟವಾಗುವುದೂ ಇದೇ ಪ್ರಭೇದವಾದ್ದರಿಂದ ಹಿಪ್ಪುನೇರಳೆ ತೋಟ ಮತ್ತು ಹುಳು ಸಾಕಣೆ ಮನೆಗಳ ಸಮೀಪ ಇದರ ಬಳಕೆ ಸಲ್ಲದು. 1879ರಲ್ಲಿ ರಷ್ಯಾದ ಇಲ್ಯಾ ಮೆಕ್ನಿಕಾಫ್ ಗೋಧಿಯ ದುಂಬಿಗಳ ಮೇಲೆ ಮೆಟಾರೈಜಿಯಂ ಅನಿಸೋಪ್ಲಿಯೆ ಎಂಬ ಹಸಿರು ಶಿಲೀಂಧ್ರವನ್ನು ಗುರುತಿಸಿ, ಅದನ್ನು ಕೀಟ ನಿಯಂತ್ರಣಕ್ಕೆ ಬಳಸುವ ವಿಚಾರವನ್ನು ಮುಂದಿಟ್ಟರು.

ಬ್ಯಾಕ್ಟೀರಿಯ ಮತ್ತು ವೈರಸ್‌ಗಳು ರೋಗ ತರಲು ಸಾಮಾನ್ಯವಾಗಿ ಕೀಟದ ಹೊಟ್ಟೆಯನ್ನು ಸೇರಬೇಕು. ಶಿಲೀಂಧ್ರಕ್ಕೆ ಆ ಅಗತ್ಯವಿಲ್ಲ. ಅದರ ಬೀಜಕವು ಕೀಟದ ಮೈಗೆ ಅಂಟಿಕೊಂಡು, ಮೊಳೆತು, ಹೊರಕವಚವನ್ನು ಕಿಣ್ವಗಳಿಂದ ಕರಗಿಸಿ ಕೊರೆದು ಒಳನುಗ್ಗುತ್ತದೆ. ಒಳಗೆ ಬೆಳೆದು ಕೀಟವನ್ನು ಕೊಂದ ನಂತರ ಕಳೇಬರದ ಮೇಲೆ ಮತ್ತೆ ಬೀಜಕಗಳನ್ನು ಹೊರಹಾಕುತ್ತದೆ. ಬೀಜಕವು ಎಲೆಯ ಮೇಲೆ ಅಥವಾ ಕೀಟದ ಮೈಮೇಲೆ ತೆರೆದ ಸ್ಥಿತಿಯಲ್ಲಿ ಕಳೆಯುವ ಮೊದಲ ಕೆಲವು ಗಂಟೆಗಳು ಈ ಚಕ್ರದಲ್ಲಿ ಅತ್ಯಂತ ದುರ್ಬಲವಾದ ಘಟ್ಟ. ಸಸ್ಯದ ರಾಸಾಯನಿಕಗಳು ಹೆಚ್ಚಾಗಿ ಅಡ್ಡ ಬರುವುದು ಈ ಘಟ್ಟದಲ್ಲಿಯೇ.

ದಾವಣಗೆರೆ ಮತ್ತು ಹರಿಹರದ ಸಂದರ್ಭ

ದಾವಣಗೆರೆ ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ಹೆಸರಾದ ನಗರ. ಇಂದು ಅದರ ಸುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರಿನ ಮುಖ್ಯ ಬೆಳೆ ಮೆಕ್ಕೆಜೋಳ. ಹರಿಹರ ತಾಲ್ಲೂಕಿನಲ್ಲಿ ಭದ್ರಾ ಕಾಲುವೆಯ ನೀರು ತಲುಪುವ ಕಡೆಗಳಲ್ಲಿ ಭತ್ತ ಪ್ರಧಾನವಾಗಿದೆ.

2018ರ ಮೇ ತಿಂಗಳಿನಲ್ಲಿ ನೆರೆಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೆರಿಕ ಮೂಲದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲ ಬಾರಿಗೆ ಮೆಕ್ಕೆಜೋಳದ ಮೇಲೆ ಗುರುತಿಸಿದರು. ಅದೇ ಮುಂಗಾರಿನಲ್ಲಿ ಅದು ದಾವಣಗೆರೆ, ಚಿತ್ರದುರ್ಗ ಮತ್ತು ಇತರ ಜಿಲ್ಲೆಗಳಿಗೆ ಹರಡಿತು. ಸುಳಿಯೊಳಗೆ ಕುಳಿತು ತಿಂದು, ಒದ್ದೆ ಮರದ ಪುಡಿಯಂತಹ ಹಿಕ್ಕೆಯನ್ನು ಅಲ್ಲಿಯೇ ತುಂಬಿಸುವ ಈ ಹುಳುವನ್ನು ರೈತರು ಲದ್ದಿಹುಳು ಎಂದು ಕರೆಯುತ್ತಾರೆ. ಹಿಕ್ಕೆಯ ಮರೆಯಲ್ಲಿರುವ ಹುಳುವಿಗೆ ಸಿಂಪಡಿಸಿದ ಔಷಧಿ ತಾಗುವುದೇ ಕಷ್ಟ.

ಮಳೆಗಾಲದಲ್ಲಿ ಹೊಲದಲ್ಲಿ ಗಟ್ಟಿಯಾಗಿ, ಬೆಳ್ಳಗಾಗಿ, ನಂತರ ತಿಳಿಹಸಿರು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡ ಸತ್ತ ಹುಳುಗಳು ಕಾಣಸಿಗುತ್ತವೆ. ಇವು ಮೆಟಾರೈಜಿಯಂ ರಿಲೈ ಎಂಬ ಶಿಲೀಂಧ್ರಕ್ಕೆ ಬಲಿಯಾದ ಹುಳುಗಳು. 2014ರವರೆಗೆ ಇದನ್ನು ನೊಮುರಿಯಾ ರಿಲೈ ಎಂದು ಕರೆಯಲಾಗುತ್ತಿತ್ತು; ಕೃಷಿ ಪ್ರಕಟಣೆಗಳಲ್ಲಿ ಹಳೆಯ ಹೆಸರು ಇನ್ನೂ ಚಾಲ್ತಿಯಲ್ಲಿದೆ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಶಿಲೀಂಧ್ರದ ಮೇಲೆ ಬಹುಕಾಲದಿಂದ ಕೆಲಸ ಮಾಡಿದ್ದು, ಮೆಕ್ಕೆಜೋಳದ ಸೈನಿಕ ಹುಳುವಿನ ವಿರುದ್ಧ ನಡೆಸಿದ ಕ್ಷೇತ್ರ ಪ್ರಯೋಗದ ಫಲಿತಾಂಶಗಳನ್ನು 2018ರಲ್ಲಿಯೇ ಪ್ರಕಟಿಸಿತು.

ಈ ಹುಳುವಿನ ಹತೋಟಿಗಾಗಿ ಹೊರಡಿಸಲಾದ ಸರ್ಕಾರಿ ಸಲಹಾಪತ್ರಗಳಲ್ಲಿ ಬೆಳೆಯ ಎಳೆಯ ಹಂತಕ್ಕೆ ಶೇಕಡಾ 5ರ ಬೇವಿನ ಬೀಜದ ಕಷಾಯ ಅಥವಾ ಅಜಾಡಿರಾಕ್ಟಿನ್ ದ್ರಾವಣದ ಶಿಫಾರಸು ಇದೆ. ಬಿತ್ತಿದ 15ರಿಂದ 25 ದಿನಗಳಲ್ಲಿ ಗ್ರಾಂಗೆ 10 ಕೋಟಿ ಬೀಜಕ ಘಟಕಗಳಿರುವ ಮೆಟಾರೈಜಿಯಂ ಅನಿಸೋಪ್ಲಿಯೆ ಪುಡಿಯನ್ನು ಲೀಟರ್ ನೀರಿಗೆ 5 ಗ್ರಾಂನಂತೆ ಬೆರೆಸಿ ಸುಳಿಗೆ ಹಾಕಬೇಕೆಂಬ ಶಿಫಾರಸೂ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ವಾರದ ಕೆಲಸಗಳು. ಕೂಲಿ ಮತ್ತು ಸಮಯ ಉಳಿಸಲು ಎರಡನ್ನೂ ಒಂದೇ ಪಂಪಿಗೆ ಹಾಕುವ ಯೋಚನೆ ಬರುವುದು ಸಹಜ. ಹಾಗೆ ಬೆರೆಸಿದಾಗ ಶಿಲೀಂಧ್ರ ಉಳಿಯುತ್ತದೆಯೇ ಎಂಬ ಪ್ರಶ್ನೆ ಹೀಗೆ ನೇರವಾಗಿ ರೈತನ ಖರ್ಚಿಗೆ ಸಂಬಂಧಿಸಿದ್ದಾಗಿದೆ.

ಪರಿಣಾಮ ಉಂಟಾಗುವ ಬಗೆ

ಸಸ್ಯಗಳು ತಮ್ಮ ಬೆಳವಣಿಗೆಗೆ ಬೇಕಾದ ಸಕ್ಕರೆ, ಪ್ರೋಟೀನ್ ಮುಂತಾದವುಗಳಲ್ಲದೆ ರಕ್ಷಣೆಗಾಗಿ ಆಲ್ಕಲಾಯ್ಡ್, ಟರ್ಪಿನಾಯ್ಡ್, ಫೀನಾಲ್ ಹಾಗೂ ಗಂಧಕಯುಕ್ತ ಸಂಯುಕ್ತಗಳನ್ನು ತಯಾರಿಸುತ್ತವೆ. ಇವುಗಳಿಗೆ ದ್ವಿತೀಯಕ ರಾಸಾಯನಿಕಗಳು ಎಂದು ಹೆಸರು. ಕೀಟಗಳನ್ನೂ ಸಸ್ಯರೋಗ ತರುವ ಶಿಲೀಂಧ್ರಗಳನ್ನೂ ದೂರವಿಡುವುದು ಇವುಗಳ ಕೆಲಸ. ಬೆಂಕಿರೋಗ ತರುವ ಶಿಲೀಂಧ್ರ ಮತ್ತು ಹುಳುವನ್ನು ಕೊಲ್ಲುವ ಶಿಲೀಂಧ್ರದ ಜೀವಕೋಶಗಳ ರಚನೆ ಮೂಲತಃ ಒಂದೇ ಆಗಿರುವುದರಿಂದ, ಗಿಡದ ಶತ್ರುವಿಗೆಂದು ಇಟ್ಟ ವಿಷ ಗಿಡದ ಮಿತ್ರನಿಗೂ ತಾಗುತ್ತದೆ.

ಎಲೆಯ ಮೇಲ್ಮೈಯಲ್ಲಿ ಬೀಜಕಕ್ಕೆ ಮೇಣದ ಪದರ, ರಸ ಮತ್ತು ಆವಿಗಳು ಎದುರಾಗುತ್ತವೆ. ಕೀಟವು ಗಿಡವನ್ನು ತಿಂದಾಗ ರಾಸಾಯನಿಕವು ಅದರ ಕರುಳು, ದೇಹದ್ರವ ಮತ್ತು ಕೆಲವೊಮ್ಮೆ ಹೊರಕವಚವನ್ನು ಸೇರಿ ಒಳಬಂದ ಶಿಲೀಂಧ್ರವನ್ನು ತಡೆಯುತ್ತದೆ. ಕೀಟ ಸತ್ತ ನಂತರವೂ ಕಳೇಬರದಲ್ಲಿ ಉಳಿದ ರಾಸಾಯನಿಕವು ಹೊಸ ಬೀಜಕಗಳ ಉತ್ಪತ್ತಿಯನ್ನು ಕಡಿಮೆ ಮಾಡಬಹುದು. ಆಗ ಆ ಹುಳು ಸತ್ತರೂ ರೋಗ ಪಕ್ಕದ ಹುಳುವಿಗೆ ಹರಡುವುದಿಲ್ಲ.

ಪರಿಣಾಮ ಯಾವಾಗಲೂ ಕೀಟದ ಪರವಾಗಿಯೇ ಇರುತ್ತದೆ ಎಂದಲ್ಲ. ಅಮೆರಿಕದಲ್ಲಿ ಆಲೂಗಡ್ಡೆಯ ಕೊಲರಾಡೊ ದುಂಬಿಯ ಮೇಲೆ ನಡೆದು 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತನಗೆ ಅಷ್ಟಾಗಿ ಒಗ್ಗದ ಗಿಡಗಳನ್ನು ತಿಂದು ಬೆಳೆದ ಮರಿಗಳು ಬ್ಯೂವೇರಿಯಾಕ್ಕೆ ಹೆಚ್ಚು ಸುಲಭವಾಗಿ ತುತ್ತಾದವು. ಗಿಡದ ವಿಷವು ಶಿಲೀಂಧ್ರಕ್ಕಿಂತ ಕೀಟವನ್ನೇ ಹೆಚ್ಚು ಬಳಲಿಸಿದಾಗ ಲಾಭ ಶಿಲೀಂಧ್ರಕ್ಕೆ.

ಮೆಕ್ಕೆಜೋಳ

ಮೆಕ್ಕೆಜೋಳದ ಪ್ರಮುಖ ರಕ್ಷಣಾ ರಾಸಾಯನಿಕಗಳು ಬೆಂಜಾಕ್ಸಜಿನಾಯ್ಡ್ ಗುಂಪಿಗೆ ಸೇರಿವೆ. ಇವುಗಳಲ್ಲಿ ಡಿಂಬೋವ ಎಂಬುದು ಹೆಚ್ಚು ಪರಿಚಿತ. ಗಿಡವು ಇದನ್ನು ಸಕ್ಕರೆಯ ಅಣುವಿಗೆ ಜೋಡಿಸಿ ನಿರುಪದ್ರವಿ ರೂಪದಲ್ಲಿ ಸಂಗ್ರಹಿಸಿಡುತ್ತದೆ. ಹುಳು ಕಚ್ಚಿ ಜೀವಕೋಶ ಒಡೆದಾಗ ಬೇರೆಡೆ ಇದ್ದ ಕಿಣ್ವವು ಇದರೊಡನೆ ಬೆರೆತು ಸಕ್ಕರೆಯನ್ನು ಬೇರ್ಪಡಿಸುತ್ತದೆ. ವಿಷಕಾರಿ ರೂಪ ಬಿಡುಗಡೆಯಾಗುತ್ತದೆ. ಡಿಂಬೋವ ಕೀಟನಿರೋಧಕವೂ ಹೌದು, ಶಿಲೀಂಧ್ರನಿರೋಧಕವೂ ಹೌದು.

ಇದರ ಪ್ರಮಾಣವು ಮೊಳಕೆಯೊಡೆದ ಎಳೆಯ ಗಿಡದಲ್ಲಿ ಅತ್ಯಧಿಕವಾಗಿದ್ದು, ಗಿಡ ಬಲಿತಂತೆ ಇಳಿಯುತ್ತದೆ. ಸುಳಿಯ ಎಳೆಯ ಎಲೆಗಳಲ್ಲಿ ಹಳೆಯ ಎಲೆಗಳಿಗಿಂತ ಹೆಚ್ಚಿರುತ್ತದೆ. ಲದ್ದಿಹುಳು ಕೂರುವುದೂ, ಶಿಲೀಂಧ್ರವನ್ನು ಹಾಕುವುದೂ ಈ ಸುಳಿಗೇ ಎಂಬುದು ಗಮನಾರ್ಹ.

ಹುಳುವಿನ ಬಳಿ ಇದಕ್ಕೆ ಪ್ರತ್ಯುತ್ತರವಿದೆ. ಸೈನಿಕ ಹುಳುವಿನ ಕರುಳಿನಲ್ಲಿರುವ ಕಿಣ್ವವು ಡಿಂಬೋವಕ್ಕೆ ಮತ್ತೆ ಸಕ್ಕರೆಯನ್ನು ಜೋಡಿಸುತ್ತದೆ, ಆದರೆ ಜೋಡಣೆಯ ದಿಕ್ಕನ್ನು ಬದಲಿಸಿ. ಬೀಗದೊಳಗೆ ಕೀಲಿಕೈ ತಿರುಗದಂತೆ, ಗಿಡದ ಕಿಣ್ವವು ಈ ಹೊಸ ರೂಪವನ್ನು ಒಡೆಯಲಾರದು. ಅದು ಹಿಕ್ಕೆಯೊಡನೆ ಹೊರಹೋಗುತ್ತದೆ. ಹೀಗೆ ಹುಳು ಪಾರಾಗುತ್ತದೆ. ಕಚ್ಚಿದ ಅಂಚಿನ ಹಸಿ ರಸದಲ್ಲಿ ಬಿದ್ದ ಬೀಜಕಕ್ಕೆ ಅಂತಹ ಸೌಲಭ್ಯವಿಲ್ಲ. ಆದರೆ ಡಿಂಬೋವ ನೀರಿನಲ್ಲಿ ಬಹುಕಾಲ ನಿಲ್ಲದೆ ಬೇರೆ ಸಂಯುಕ್ತವಾಗಿ ಒಡೆಯುವುದರಿಂದ ಅದರ ತೀವ್ರತೆ ತಾಜಾ ಗಾಯದ ಸುತ್ತ ಮಾತ್ರ ಹೆಚ್ಚು.

ಮೆಕ್ಕೆಜೋಳ ತಿಂದ ಕೀಟವು ಶಿಲೀಂಧ್ರವನ್ನು ಹೆಚ್ಚು ತಾಳಿಕೊಳ್ಳುತ್ತದೆ ಎಂಬುದಕ್ಕೆ ಹಳೆಯ ಆಧಾರವೊಂದಿದೆ. ಹುಲ್ಲಿನ ಜಾತಿಯ ಬೆಳೆಗಳ ರಸ ಹೀರುವ ಚಿಂಚ್ ತಿಗಣೆಯ ಕುರಿತು ಅಮೆರಿಕದಲ್ಲಿ ನಡೆದು 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೆಕ್ಕೆಜೋಳ ಅಥವಾ ಜೋಳದ ಮೇಲೆ ಬೆಳೆದ ತಿಗಣೆಗಳು ಬಾರ್ಲಿ ಮತ್ತು ಗೋಧಿಯ ಮೇಲೆ ಬೆಳೆದವುಗಳಿಗಿಂತ ಬ್ಯೂವೇರಿಯಾದಿಂದ ಕಡಿಮೆ ಸಂಖ್ಯೆಯಲ್ಲಿ ಸತ್ತವು. ಸತ್ತ ತಿಗಣೆಗಳ ಮೇಲೆ ಶಿಲೀಂಧ್ರದ ಬೆಳವಣಿಗೆಯೂ ಕಡಿಮೆ ಇತ್ತು. ಶಿಲೀಂಧ್ರ ಒಂದೇ, ಕೀಟವೂ ಒಂದೇ. ಬದಲಾಗಿದ್ದು ಊಟ ಮಾತ್ರ.

ಆದರೂ ಮಳೆಗಾಲದ ಮೆಕ್ಕೆಜೋಳದ ಹೊಲದಲ್ಲಿ ಮೆಟಾರೈಜಿಯಂ ರಿಲೈ ತಾನಾಗಿಯೇ ಹರಡುವುದು ಕಣ್ಣಿಗೆ ಕಾಣುವ ಸಂಗತಿ. ಸತತ ತೇವಾಂಶ ಮತ್ತು ಹುಳುಗಳ ಸಾಂದ್ರತೆ ಒದಗಿದಾಗ ಬೆಳೆಯ ರಾಸಾಯನಿಕ ತಡೆಯನ್ನು ಶಿಲೀಂಧ್ರ ದಾಟಬಲ್ಲದು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೀಜಕವು ಮೊದಲೇ ಬಳಲಿರುವಾಗ, ಇದೇ ತಡೆ ದೊಡ್ಡದಾಗುತ್ತದೆ.

ಇತರ ಬೆಳೆಗಳು

ಹತ್ತಿಯಲ್ಲಿ ಗಾಸಿಪಾಲ್ ಎಂಬ ಟರ್ಪಿನಾಯ್ಡ್ ಇದೆ. ಹತ್ತಿ ಬೀಜದ ಹಿಂಡಿಯನ್ನು ಜಾನುವಾರುಗಳಿಗೆ ಮಿತವಾಗಿ ಕೊಡಬೇಕೆಂದು ಹೇಳುವುದಕ್ಕೆ ಕಾರಣವಾದ ವಸ್ತು ಇದೇ. ಬಿಳಿನೊಣಗಳನ್ನು ಹತ್ತಿಯ ಮೇಲೂ ಕರಬೂಜದ ಮೇಲೂ ಸಾಕಿ ಒಂದೇ ಶಿಲೀಂಧ್ರವನ್ನು ಸಿಂಪಡಿಸಿದ, 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕರಬೂಜದ ಮೇಲಿನ ಮರಿಗಳು ಹೆಚ್ಚಿನ ಪ್ರಮಾಣದಲ್ಲಿ ರೋಗಕ್ಕೆ ತುತ್ತಾದವು, ಹತ್ತಿಯ ಮೇಲಿನವು ಬಹುಪಾಲು ಉಳಿದವು. ಹತ್ತಿಯಿಂದ ಹೀರಿಕೊಂಡ ಗಾಸಿಪಾಲ್ ಮರಿಗಳಿಗೆ ರಕ್ಷಣೆ ಕೊಟ್ಟಿರಬಹುದು ಎಂಬುದು ಸಂಶೋಧಕರ ವಿವರಣೆ.

ಟೊಮ್ಯಾಟೊ ಗಿಡದ ಟೊಮ್ಯಾಟಿನ್ ಕುರಿತ ಅಧ್ಯಯನಗಳು ಈ ಕ್ಷೇತ್ರದಲ್ಲಿ ಹೆಚ್ಚು ಸ್ಪಷ್ಟವಾದವು. ಈ ವಸ್ತುವು ಶಿಲೀಂಧ್ರದ ಕೋಶಪೊರೆಯಲ್ಲಿರುವ ಸ್ಟೆರಾಲ್‌ಗಳಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಬ್ಯೂವೇರಿಯಾದ ಬೆಳವಣಿಗೆಯನ್ನು ತಡೆಯಿತು. ಆಲೂಗಡ್ಡೆಯ ಸೊಲನಿನ್‌ನ ಪರಿಣಾಮ ಅದಕ್ಕಿಂತ ಕಡಿಮೆ ಇತ್ತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಟೊಮ್ಯಾಟಿನ್ ಬೆರೆಸಿದ ಆಹಾರ ತಿಂದ ಕಾಯಿಕೊರಕ ಹುಳುಗಳು ನೊಮುರಿಯಾ ರಿಲೈ ಸೋಂಕಿನಿಂದ ಹೆಚ್ಚಾಗಿ ಬದುಕುಳಿದವು.

ಎಲೆಕೋಸು ಮತ್ತು ಸಾಸಿವೆಯನ್ನು ಜಜ್ಜಿದಾಗ ಬರುವ ಘಾಟಿಗೆ ಕಾರಣವಾದ ಐಸೋಥಯೋಸಯನೇಟ್‌ಗಳು ಮೆಟಾರೈಜಿಯಂ ಬೀಜಕಗಳ ಮೊಳಕೆಯನ್ನು ತಡೆಯುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಈರುಳ್ಳಿಯ ಗಂಧಕಯುಕ್ತ ಸಂಯುಕ್ತಗಳಿಗೂ ಶಿಲೀಂಧ್ರನಿರೋಧಕ ಗುಣವಿದೆ. ಥ್ರಿಪ್ಸ್ ಕೆರೆದು ತಿನ್ನುವ ಎಲೆಗಳಲ್ಲಿ ಇವು ಬಿಡುಗಡೆಯಾಗುತ್ತವೆ. ಹರಿಹರದ ಭತ್ತದ ಗದ್ದೆಯ ಪರಿಸ್ಥಿತಿ ಬೇರೆ. ಭತ್ತದಲ್ಲಿಯೂ ಮೋಮಿಲ್ಯಾಕ್ಟೋನ್ ಎಂಬ ಶಿಲೀಂಧ್ರನಿರೋಧಕ ಇದ್ದರೂ, ಕಂದು ಜಿಗಿಹುಳು ಗುಂಪುಗೂಡುವ ಬುಡದ ಭಾಗದಲ್ಲಿ ನಿಂತ ನೀರಿನಿಂದ ತೇವಾಂಶ ಸದಾ ಹೆಚ್ಚಿದ್ದು ಶಿಲೀಂಧ್ರಕ್ಕೆ ಅನುಕೂಲವಾಗಿರುತ್ತದೆ.

ಆವಿಗಳ ಪಾತ್ರ

ಹುಲ್ಲು ಕೊಯ್ದಾಗ ಮೂಗಿಗೆ ಬರುವ ಹಸಿ ವಾಸನೆಯೂ ಒಂದು ರಾಸಾಯನಿಕ ಸಂದೇಶ. ಹಸಿರೆಲೆಯ ಈ ಆವಿಗಳು ಸಸ್ಯಹೇನುಗಳನ್ನು ಕೊಲ್ಲುವ ಪಂಡೋರಾ ಎಂಬ ಶಿಲೀಂಧ್ರದ ಬೀಜಕಗಳು ಮೊಳೆಯುವುದನ್ನು ತಡೆಯುತ್ತವೆ ಎಂದು 1995ರಲ್ಲಿ ತಂಬಾಕಿನ ಗಿಡಗಳ ಅಧ್ಯಯನದಿಂದ ತಿಳಿದುಬಂದಿತು. ಮರಗೆಣಸಿನ ಹಸಿರು ನುಸಿಯನ್ನು ಕೊಲ್ಲುವ ನಿಯೋಜೈಗೈಟಿಸ್ ಶಿಲೀಂಧ್ರದ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕುತೂಹಲಕರ. ನುಸಿ ತಗುಲಿದ ಗಿಡ ಹೊರಡಿಸುವ ಆವಿಗಳು ಈ ಶಿಲೀಂಧ್ರದ ಬೀಜಕೋತ್ಪತ್ತಿಯನ್ನು ಪ್ರಚೋದಿಸಿದವು. ಬೇಟೆ ಹತ್ತಿರದಲ್ಲಿದೆ ಎಂಬ ಸುಳಿವನ್ನು ಗಿಡವೇ ಕೊಟ್ಟಂತೆ ಇದು ಕೆಲಸ ಮಾಡುತ್ತದೆ.

ಬೇವು

ಬೇವಿನ ಪ್ರಮುಖ ಕೀಟನಾಶಕ ವಸ್ತುವಾದ ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಪ್ರತ್ಯೇಕಿಸಲಾಯಿತು. ಇದು ಕೀಟದ ಹಸಿವನ್ನು ಕುಗ್ಗಿಸುತ್ತದೆ ಮತ್ತು ಪೊರೆ ಕಳಚುವಿಕೆಯನ್ನು ನಿಯಂತ್ರಿಸುವ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸುತ್ತದೆ. ಶಿಲೀಂಧ್ರಕ್ಕೆ ಅಂತಹ ಹಾರ್ಮೋನೇ ಇಲ್ಲ. ಪೊರೆ ಕಳಚುವುದು ತಡವಾದರೆ ಶಿಲೀಂಧ್ರಕ್ಕೆ ಅನುಕೂಲವೇ: ಸಾಮಾನ್ಯವಾಗಿ ಹುಳು ಬೇಗನೆ ಪೊರೆ ಬಿಟ್ಟರೆ ಅದಕ್ಕೆ ಅಂಟಿದ ಬೀಜಕಗಳೂ ಹಳೆಯ ಪೊರೆಯೊಡನೆ ಕಳಚಿ ಬೀಳುತ್ತವೆ; ತಡವಾದಷ್ಟೂ ಬೀಜಕಕ್ಕೆ ಒಳಗೆ ಕೊರೆಯಲು ಸಮಯ ಸಿಗುತ್ತದೆ. ತಾತ್ವಿಕವಾಗಿ ಬೇವು ಮತ್ತು ಶಿಲೀಂಧ್ರ ಒಳ್ಳೆಯ ಜೋಡಿ.

ತೊಡಕು ಇರುವುದು ಬೇವಿನ ಎಣ್ಣೆಯಲ್ಲಿ. ಎಣ್ಣೆಯಲ್ಲಿ ಅಜಾಡಿರಾಕ್ಟಿನ್ ಮಾತ್ರವಲ್ಲದೆ ಕೊಬ್ಬಿನಾಮ್ಲಗಳು, ಬೆಳ್ಳುಳ್ಳಿಯಂತಹ ವಾಸನೆಗೆ ಕಾರಣವಾದ ಗಂಧಕಯುಕ್ತ ಸಂಯುಕ್ತಗಳು, ಇತರ ಕಹಿ ವಸ್ತುಗಳು ಇರುತ್ತವೆ. ಅಂಗಡಿಯಲ್ಲಿ ಸಿಗುವ ದ್ರಾವಣದಲ್ಲಿ ಎಣ್ಣೆಯನ್ನು ನೀರಿನೊಡನೆ ಬೆರೆಸುವ ಪದಾರ್ಥಗಳೂ ಸೇರಿರುತ್ತವೆ. ಬ್ರೆಜಿಲ್‌ನಲ್ಲಿ 2001 ಮತ್ತು 2005ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಬೇವಿನ ಎಣ್ಣೆಯು ಬ್ಯೂವೇರಿಯಾದ ಬೆಳವಣಿಗೆ ಮತ್ತು ಬೀಜಕೋತ್ಪತ್ತಿಯನ್ನು ಕುಗ್ಗಿಸಿತು. ಎರಡನೆಯ ಅಧ್ಯಯನದಲ್ಲಿ ಬೇವಿನ ಬೀಜ ಮತ್ತು ಎಲೆಯ ನೀರಿನ ಕಷಾಯಗಳು ಶಿಲೀಂಧ್ರದೊಡನೆ ಹೆಚ್ಚು ಹೊಂದಿಕೊಂಡವು. ಭಾರತದಲ್ಲಿ ಬ್ಯೂವೇರಿಯಾದ 30 ತಳಿಗಳನ್ನು ಬೇವಿನೊಡನೆ ಪರೀಕ್ಷಿಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ತಳಿಗಳು ಹೊಂದಿಕೊಂಡವು, ಉಳಿದವು ಹೊಂದಿಕೊಳ್ಳಲಿಲ್ಲ. ಆದ್ದರಿಂದ ‘ಬೇವು ಶಿಲೀಂಧ್ರಕ್ಕೆ ಹಾನಿಕರ’ ಎಂದಾಗಲಿ ‘ಹಾನಿಯಿಲ್ಲ’ ಎಂದಾಗಲಿ ಒಟ್ಟಾರೆಯಾಗಿ ಹೇಳುವ ಮಾತು ಅರ್ಧಸತ್ಯ. ಯಾವ ತಳಿ, ಬೇವಿನ ಯಾವ ರೂಪ, ಎಷ್ಟು ಪ್ರಮಾಣ ಎಂಬುದರ ಮೇಲೆ ಉತ್ತರ ನಿಂತಿದೆ.

ಎಣ್ಣೆ ಎಂಬ ಕಾರಣಕ್ಕೇ ಶಿಲೀಂಧ್ರ ಕೆಡುತ್ತದೆ ಎಂದು ಭಾವಿಸುವುದೂ ಸರಿಯಲ್ಲ. ಮೆಟಾರೈಜಿಯಂ ಬೀಜಕಗಳು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಬೆರೆಯುತ್ತವೆ. ಆಫ್ರಿಕಾದಲ್ಲಿ ಮಿಡತೆಗಳ ಹತೋಟಿಗೆ ಈ ಗುಂಪಿನ ಶಿಲೀಂಧ್ರವನ್ನು ಎಣ್ಣೆಯಲ್ಲಿಯೇ ಸಿಂಪಡಿಸಲಾಗುತ್ತದೆ. ಬೇವಿನ ಹಿಂಡಿಯ ಕಥೆಯೂ ಬೇರೆ. ಸಸ್ಯರೋಗಗಳ ಹತೋಟಿಗೆ ಬಳಸುವ ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು ವೃದ್ಧಿಪಡಿಸುವ ಪದ್ಧತಿ ಕರ್ನಾಟಕದ ಅಡಿಕೆ ಮತ್ತು ತರಕಾರಿ ತೋಟಗಳಲ್ಲಿ ಸಾಮಾನ್ಯವಾಗಿದೆ.

ಇತರ ಕಷಾಯಗಳು

ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ಕಷಾಯ, ಹತ್ತು ಬಗೆಯ ಎಲೆಗಳನ್ನು ಕೊಳೆಸಿ ಮಾಡುವ ದಶಪರ್ಣಿ ಕಷಾಯ ಮುಂತಾದವು ಸಾವಯವ ಕೃಷಿಕರಲ್ಲಿ ಬಳಕೆಯಲ್ಲಿವೆ. ಬೆಳ್ಳುಳ್ಳಿಯನ್ನು ಜಜ್ಜಿದ ಕೂಡಲೇ ಉಂಟಾಗುವ ಅಲಿಸಿನ್ ಪ್ರಬಲವಾದ ಶಿಲೀಂಧ್ರನಿರೋಧಕ. ‘ಎರಡೂ ಸಾವಯವ, ಬೆರೆಸಿದರೆ ತೊಂದರೆಯಿಲ್ಲ’ ಎಂಬ ಅಭಿಪ್ರಾಯ ಸಾಮಾನ್ಯವಾಗಿದ್ದರೂ ಸಾವಯವ ಎಂಬುದು ಹೊಂದಾಣಿಕೆಗೆ ಪ್ರಮಾಣವಲ್ಲ. ಬೆಳ್ಳುಳ್ಳಿ ಕಷಾಯಕ್ಕೆ ಬ್ಯೂವೇರಿಯಾ ಪುಡಿಯನ್ನು ಕದಡುವುದೆಂದರೆ ಹಣ ಕೊಟ್ಟು ತಂದ ಜೀವಿಗೆ ಶಿಲೀಂಧ್ರನಾಶಕದ ಸ್ನಾನ ಮಾಡಿಸಿದಂತೆ.

ಹೊಂದಾಣಿಕೆಯ ಅಳತೆ

ಪ್ರಯೋಗಾಲಯದಲ್ಲಿ ಸಸ್ಯಸಾರವನ್ನು ಶಿಲೀಂಧ್ರ ಬೆಳೆಸುವ ಅಗರ್ ಮಾಧ್ಯಮದಲ್ಲಿ ಬೆರೆಸಿ, ಸಾರವಿಲ್ಲದ ತಟ್ಟೆಯೊಡನೆ ಹೋಲಿಸಲಾಗುತ್ತದೆ. ಬೆಳವಣಿಗೆ, ಬೀಜಕೋತ್ಪತ್ತಿ ಮತ್ತು ಮೊಳಕೆಯ ಶೇಕಡಾವಾರುಗಳನ್ನು ಕೂಡಿಸಿ ಜೈವಿಕ ಸೂಚ್ಯಂಕವನ್ನು ಲೆಕ್ಕಹಾಕುವ ಪದ್ಧತಿ ಬ್ರೆಜಿಲ್‌ನಲ್ಲಿ ರೂಪುಗೊಂಡಿತು. ಬೆಳವಣಿಗೆಯನ್ನು 47ರಿಂದ, ಬೀಜಕೋತ್ಪತ್ತಿಯನ್ನು 43ರಿಂದ, ಮೊಳಕೆಯನ್ನು 10ರಿಂದ ಗುಣಿಸಿ, ಮೊತ್ತವನ್ನು 100ರಿಂದ ಭಾಗಿಸಬೇಕು. ಫಲ 41ರವರೆಗೆ ಇದ್ದರೆ ವಿಷಕಾರಿ, 42ರಿಂದ 66 ಇದ್ದರೆ ಮಧ್ಯಮ ವಿಷಕಾರಿ, ಅದಕ್ಕಿಂತ ಹೆಚ್ಚಿದ್ದರೆ ಹೊಂದಾಣಿಕೆಯುಳ್ಳದ್ದು. ಉದಾಹರಣೆಗೆ, ಮೂರು ಅಳತೆಗಳು ಕ್ರಮವಾಗಿ ಶೇಕಡಾ 80, 50 ಮತ್ತು 90 ಎಂದಿಟ್ಟುಕೊಂಡರೆ ಸೂಚ್ಯಂಕ 68.1 ಆಗುತ್ತದೆ. ಬೀಜಕೋತ್ಪತ್ತಿ ಅರ್ಧಕ್ಕಿಳಿದರೂ ಈ ಮಿಶ್ರಣ ‘ಹೊಂದಾಣಿಕೆಯುಳ್ಳದ್ದು’ ಎನಿಸಿಕೊಳ್ಳುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ತಟ್ಟೆಯಲ್ಲಿ ಶಿಲೀಂಧ್ರವು ದಿನಗಟ್ಟಲೆ ಸಾರದ ನಡುವೆಯೇ ಇರುತ್ತದೆ. ಹೊಲದಲ್ಲಿ ಸಾರವು ಬಿಸಿಲಿಗೆ ಒಡೆದು, ಮಳೆಗೆ ತೊಳೆದು ಹೋಗುತ್ತದೆ. ಹೀಗಾಗಿ ತಟ್ಟೆಯಲ್ಲಿ ಕಂಡ ಹಾನಿ ಹೊಲದಲ್ಲಿ ಕಡಿಮೆ ಇರಬಹುದು. ಆದರೆ ಬೆಳೆಯೊಳಗಿನ ರಾಸಾಯನಿಕವನ್ನು ಹುಳು ಪ್ರತಿದಿನ ತಿನ್ನುತ್ತಲೇ ಇರುವುದರಿಂದ ಅದಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಬೇರು ಮತ್ತು ಗಿಡದೊಳಗಿನ ಜೀವನ

ಸಸ್ಯದ ರಾಸಾಯನಿಕಗಳು ಈ ಶಿಲೀಂಧ್ರಗಳಿಗೆ ಆಹಾರವೂ ಹೌದು. ಬೇರುಗಳಿಂದ ಒಸರುವ ಸಕ್ಕರೆಗಳನ್ನು ಬಳಸಿ ಮೆಟಾರೈಜಿಯಂ ಬೇರಿನ ಸುತ್ತ ಬದುಕುತ್ತದೆ. ಕೀಟದ ಮೈಗೆ ಅಂಟಲು ಒಂದು ಪ್ರೋಟೀನ್, ಗಿಡಕ್ಕೆ ಅಂಟಲು ಇನ್ನೊಂದು ಪ್ರೋಟೀನ್ ಅದರಲ್ಲಿವೆ ಎಂದು 2007ರಲ್ಲಿ ವರದಿಯಾಯಿತು. ತಾನು ಕೊಂದ ಕೀಟದ ಸಾರಜನಕವನ್ನು ಅದು ಗಿಡಕ್ಕೆ ತಲುಪಿಸುತ್ತದೆ ಎಂಬುದನ್ನು 2012ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಬ್ಯೂವೇರಿಯಾ ಮೆಕ್ಕೆಜೋಳದ ಕಾಂಡದೊಳಗೆ ನೆಲೆಸಿ ಕಾಂಡಕೊರಕದ ಹಾವಳಿಯನ್ನು ತಗ್ಗಿಸುವುದನ್ನು ಅಮೆರಿಕದಲ್ಲಿ 1991ರಲ್ಲಿ ವಿವರಿಸಲಾಯಿತು. ಡಿಂಬೋವ ಇರುವ ಗಿಡದೊಳಗೆಯೇ ಬದುಕಬಲ್ಲ ತಳಿಗಳಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೆಕ್ಕೆಜೋಳದ ಹೊಲದಿಂದಲೇ ಸಂಗ್ರಹಿಸಿದ ತಳಿಯನ್ನು ಅದೇ ಬೆಳೆಗೆ ಬಳಸುವುದು ಲೇಸು ಎಂಬ ವಾದಕ್ಕೆ ಇದು ಬಲ ನೀಡುತ್ತದೆ.

ಬಳಕೆಯಲ್ಲಿ

ಹೊಂದಾಣಿಕೆ ಖಚಿತವಿಲ್ಲದಿದ್ದಾಗ ಬೇವಿನ ಎಣ್ಣೆ ಅಥವಾ ಕಷಾಯವನ್ನು ಮತ್ತು ಶಿಲೀಂಧ್ರವನ್ನು ಒಂದೇ ತೊಟ್ಟಿಯಲ್ಲಿ ಬೆರೆಸದೆ ಕೆಲವು ದಿನಗಳ ಅಂತರದಲ್ಲಿ ಸಿಂಪಡಿಸುವುದು ಸುರಕ್ಷಿತ ಕ್ರಮ. ಮೊಟ್ಟೆ ಮತ್ತು ಎಳೆಯ ಮರಿಗಳ ಹಂತದಲ್ಲಿ ಬೇವು, ತೇವಾಂಶ ಒದಗಿದ ಮೇಲೆ ಸಂಜೆಯ ಹೊತ್ತಿನಲ್ಲಿ ಸುಳಿಗೆ ಶಿಲೀಂಧ್ರ ಎಂಬ ಅನುಕ್ರಮ ಮೆಕ್ಕೆಜೋಳಕ್ಕೆ ಹೊಂದುತ್ತದೆ. ಸಂಜೆ ಸಿಂಪಡಿಸಿದಾಗ ಬೀಜಕಗಳಿಗೆ ಸೂರ್ಯನ ಅತಿನೇರಳೆ ಕಿರಣಗಳಿಂದ ರಕ್ಷಣೆಯೂ ರಾತ್ರಿಯ ಇಬ್ಬನಿಯ ತೇವವೂ ದೊರೆಯುತ್ತವೆ. ಹಿಂದೆ ಎಣ್ಣೆ ಅಥವಾ ರಾಸಾಯನಿಕ ಶಿಲೀಂಧ್ರನಾಶಕ ಹಾಕಿದ ಪಂಪನ್ನು ಚೆನ್ನಾಗಿ ತೊಳೆದ ನಂತರವೇ ಬಳಸಬೇಕು. ಭಾರತದಲ್ಲಿ ಶಿಲೀಂಧ್ರ ಆಧಾರಿತ ಕೀಟನಾಶಕಗಳು 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗಬೇಕಾಗಿದ್ದು, ಪೊಟ್ಟಣದ ಮೇಲೆ ಪ್ರಭೇದ, ಬೀಜಕಗಳ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಿ ಕೊಳ್ಳಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರ ಮತ್ತು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಈ ಭಾಗದ ರೈತರಿಗೂ ವಿದ್ಯಾರ್ಥಿಗಳಿಗೂ ಸಮೀಪದಲ್ಲಿರುವ ಕೃಷಿ ಸಂಸ್ಥೆಗಳಾಗಿವೆ.